ಕಂಬಳಿ ದಿನದ ಹಾಡು

ರೇಡಿಯೋ ಕೇಂದ್ರಕ್ಕೆ ಎರಡು ಬಾಗಿಲುಗಳಿದ್ದವು. ಮುಂದಿನದು ಗಾಜಿನದು. ಹಿಂದಿನದು ತಗಡಿನದು, ಅದರ ಪಕ್ಕದಲ್ಲಿ ಕಸದ ಡಬ್ಬಗಳು. ಗಂಟಲಕ್ಕ ಹೋಗಿ ಹಿಂದಿನ ಬಾಗಿಲಲ್ಲಿ ನಿಂತಳು. ಯಾರೂ ಅವಳನ್ನು ಅಲ್ಲಿಗೆ ಕಳಿಸಿರಲಿಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಹೋಗಿ ಹೊರಗೆ ಬಂದ ಕಾಲುಗಳು ಅವು. ಇವತ್ತು ನಾವು ಅತಿಥಿಗಳು ಕಣ್ರೋ ಎಂದು ಅವಕ್ಕೆ ಹೇಳುವುದನ್ನು ಅವಳು ಮರೆತಿದ್ದಳು.

"ಕ್ಲೀನಿಂಗಾ?" ಎಂದ ಕಾವಲಿನವನು.

"ಅಲ್ಲಪ್ಪ. ಹಾಡೋಕೆ."

ಅವನು ಅವಳ ಮುಖ ನೋಡಲಿಲ್ಲ, ಕೈ ನೋಡಿದ. ಬ್ಲೀಚಿಂಗ್ ನೀರು ತಿಂದುಹಾಕಿದ ಕೈಗಳು. ಬೆರಳ ತುದಿಯಲ್ಲಿ ಚರ್ಮ ಸುಲಿದಿತ್ತು. ಉಗುರುಗಳು ಅರ್ಧಕ್ಕೇ ನಿಂತಿದ್ದವು. ಮೊಣಕೈವರೆಗೆ ಬಿಳಿ ಕಲೆಗಳು.

"ಹಾಡೋರು ಮುಂದಿನಿಂದ ಹೋಗ್ಬೇಕಮ್ಮ."

"ನಂಗೂ ಅನುಮಾನ ಬಂತು," ಎಂದು ಅವಳು ಇಡೀ ಕಟ್ಟಡವನ್ನು ಸುತ್ತುಹಾಕಿ ಬಂದಳು. ಅಷ್ಟರಲ್ಲಿ ಬೆವರು ಇಳಿದು, ಬೆಳಿಗ್ಗೆ ಹಚ್ಚಿಕೊಂಡಿದ್ದ ಪೌಡರು ಕೆನ್ನೆಯ ಮೇಲೆ ಗೆರೆಗೆರೆಯಾಗಿತ್ತು. ಪೌಡರು ಹಚ್ಚುವಾಗಲೇ ಸೊಸೆ ಹೇಳಿದ್ದಳು, "ಅತ್ತೆ, ರೇಡಿಯೋದಲ್ಲಿ ಮುಖ ಕಾಣ್ಸಲ್ಲ." "ನಂಗೆ ಕಾಣುತ್ತಲ್ಲ" ಎಂದು ಅವಳು ಜೋರು ಮಾಡಿದ್ದಳು. ಈಗ ಗಾಜಿನ ಬಾಗಿಲಲ್ಲಿ ಕಂಡಿತು. ಮಳೆಗೆ ಸಿಕ್ಕ ಸುಣ್ಣದ ಗೋಡೆ ಇದ್ದ ಹಾಗಿತ್ತು.

ಗಂಟಲಕ್ಕ ಎಂದು ಅವಳಿಗೆ ಹೆಸರಿಟ್ಟವರು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುವ ಹೆಂಗಸರು. ಅವಳು ಪಿಸುಗುಟ್ಟಿದರೂ ಮೂರನೇ ಮಹಡಿಗೆ ಕೇಳುತ್ತಿತ್ತು. ಅಂಥವಳು ಈ ಕಾರ್ಯಕ್ರಮಕ್ಕೆ ಕರೆ ಬಂದ ಮೇಲೆ ಎರಡು ದಿನ ಬಾಯಿಯನ್ನೇ ತೆರೆದಿರಲಿಲ್ಲ. ಗಂಟಲು ಉಳಿಸುತ್ತಿದ್ದಳಂತೆ. ಬಿಸಿನೀರು ಕುಡಿದಳು. ಏನು ಕೇಳಿದರೂ ಕೈಸನ್ನೆ ಮಾಡಿದಳು. ಇವಳಿಗೆ ಯಾರ ಜೊತೆಗೋ ಭಾರಿ ಜಗಳವಾಗಿರಬೇಕೆಂದು ಅಂಗಳದವರು ನಾಲ್ಕು ಜನರ ಮೇಲೆ ಅನುಮಾನಪಟ್ಟರು. ಕೊನೆಗೆ ಏಣಿ ಬಂದು ರಟ್ಟೆ ಹಿಡಿದು ಅಲ್ಲಾಡಿಸಿದಳು.

"ಬಾಯಿ ಬಿಡೇ. ಮೂಗೀನ ರೇಡಿಯೋಗೆ ಯಾಕೆ ಕರೀತಾರೆ?"

ಏಣಿ ಅವಳ ಜೋಡಿ. ಆರಡಿ ಎತ್ತರ, ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನಿಲ್ಲ. ಒದ್ದೆ ಹಾಸಿಗೆ ಬಟ್ಟೆಯನ್ನು ಒಬ್ಬರೇ ಹಿಂಡಲು ಆಗುವುದಿಲ್ಲ. ಎದುರುಬದುರು ನಿಂತು, ಈ ತುದಿಯನ್ನು ಒಬ್ಬರು, ಆ ತುದಿಯನ್ನು ಇನ್ನೊಬ್ಬರು ತಿರುವಬೇಕು. ಹಿಂಡುವ ಯಂತ್ರ ಒಂದು ಬಂದಿತ್ತು. ಬಂದು, ಕೆಟ್ಟು, ತುಕ್ಕು ಹಿಡಿದು, ಈಗ ಅದರ ಮೇಲೆ ಸೋಪಿನ ಚೀಲ ಇಡುತ್ತಿದ್ದರು. ಮೂವತ್ತೊಂದು ವರ್ಷದಿಂದ ಈ ತುದಿಯಲ್ಲಿ ಗಂಟಲಕ್ಕ, ಆ ತುದಿಯಲ್ಲಿ ಏಣಿ. ದಿನಕ್ಕೆ ನೂರಿಪ್ಪತ್ತು ಬಟ್ಟೆ. ರಕ್ತದ್ದು, ಕೀವಿನದ್ದು, ಹೆತ್ತವರದ್ದು, ಸತ್ತವರದ್ದು. ಗಂಡನ ಮುಖಕ್ಕಿಂತ ಏಣಿಯ ಮುಖವನ್ನೇ ಅವಳು ಹೆಚ್ಚು ನೋಡಿದ್ದಳು. ಎರಡರಲ್ಲೂ ಹೇಳಿಕೊಳ್ಳುವಂಥ ಚಂದವೇನೂ ಇರಲಿಲ್ಲ.

ಸ್ಟುಡಿಯೋದ ಗೋಡೆ ತುಂಬ ಸಣ್ಣ ಸಣ್ಣ ತೂತುಗಳು. ನಡುವೆ ದುಂಡು ಮೇಜು. ಅದರ ಮೇಲೆ ಎರಡು ಮೈಕು. ಗಾಜಿನ ಆಚೆ ಧ್ವನಿ ಎಂಜಿನಿಯರ್ ಹುಡುಗಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂತಿದ್ದಳು. ಕಾರ್ಯಕ್ರಮದಲ್ಲಿ ಹಾಡಲಿದ್ದ ಹೆಸರಾಂತ ಗಾಯಕರು ಆಗಲೇ ಬಂದು ಕೂತಿದ್ದರು. ಬೆಳ್ಳಗಿನ ಗಡ್ಡ, ಮೆತ್ತಗಿನ ಶಾಲು, ಎದುರಿಗೆ ತಂತಿವಾದ್ಯ. ಅವಳನ್ನು ಕಂಡು ಎದ್ದುನಿಂತರು.

"ಬನ್ನಿ ತಾಯೀ! ನಿಮ್ಮ ದರ್ಶನ ಆಗಿ ಎಷ್ಟು ವರ್ಷ ಆಯ್ತು!"

ಗಂಟಲಕ್ಕ ಕರಗಿಹೋದಳು. ಕರೆ ಬಂದಾಗಿನಿಂದ ಎದೆಯಲ್ಲಿ ಅರೆದಿಟ್ಟುಕೊಂಡಿದ್ದ ಖಾರವೆಲ್ಲ ಒಂದು 'ತಾಯೀ'ಗೆ ಬೆಲ್ಲವಾಯಿತು. ಥೂ, ಎಷ್ಟು ಅಗ್ಗ ನೀನು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಹಲ್ಲು ಕಿರಿದಳು.

ಮೂರನೆಯ ಕುರ್ಚಿಯನ್ನು ಹುಡುಕಿದಳು. ಇರಲಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಒಂದು ತಗಡಿನ ತೊಟ್ಟಿ ಇಟ್ಟಿದ್ದರು. ತೊಟ್ಟಿಯಲ್ಲಿ ನೀರು. ನೀರಿನಲ್ಲಿ ಬಿಳಿ ಬಟ್ಟೆ. ಹೊಚ್ಚ ಹೊಸದು, ಅಂಗಡಿಯ ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಪಕ್ಕದಲ್ಲಿ ಕುಳ್ಳಗಿನ ಒಂದು ಮೈಕು ತೊಟ್ಟಿಯ ಕಡೆ ಬಗ್ಗಿತ್ತು.

"ಅಮ್ಮಾ, ನಿಮ್ಮ ಜಾಗ ಇದು," ಎಂದಳು ನಿರೂಪಕಿ. ಮಗಳ ವಯಸ್ಸಿನವಳು, ಮುದ್ದಾಗಿ ಮಾತಾಡುತ್ತಿದ್ದಳು. "ಸರ್ ಹಾಡುವಾಗ ನಾನು ಕೈ ತೋರಿಸ್ತೀನಿ, ಆಗ ನೀವು ಹಿಂಡಿ. ನೀರು ಬೀಳೋ ಸದ್ದು ಬರ್ಬೇಕು. ವಾತಾವರಣ ಚೆನ್ನಾಗಿ ಸೃಷ್ಟಿಯಾಗುತ್ತೆ."

"ಮಾತು ಯಾವಾಗಮ್ಮ?"

"ಮಾತಾ? ನಿಮಗ್ಯಾಕಮ್ಮ ಆ ಟೆನ್ಷನ್ನು? ಮಾತೆಲ್ಲ ಸರ್ ಆಡ್ತಾರೆ."

ಎರಡು ದಿನ ಕುಡಿದ ಬಿಸಿನೀರು ಅವಳಿಗೆ ನೆನಪಾಯಿತು. ನೀರು ಹಿಂಡುವುದಕ್ಕೆ ಗಂಟಲು ಉಳಿಸಿದ ಹೆಂಗಸು ಈ ಭೂಮಿಯ ಮೇಲೆ ತಾನೊಬ್ಬಳೇ ಇರಬೇಕು.

"ಇದನ್ನ ಒಬ್ಬಳೇ ಹಿಂಡಕ್ಕಾಗಲ್ಲಮ್ಮ. ಆ ಕಡೆ ಒಬ್ಬರು ಬೇಕು."

ನಿರೂಪಕಿ ಯೋಚಿಸಿದಳು. ಆಮೇಲೆ ಬಟ್ಟೆಯ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿದಳು. "ಆಯ್ತಲ್ಲ!"

ಏಣಿಯ ಜಾಗಕ್ಕೆ ಬಾಗಿಲ ಹಿಡಿ. ಹೋಲಿಕೆ ಇಲ್ಲದೆ ಇರಲಿಲ್ಲ.

ಇವತ್ತು ಹಾಡಲಿದ್ದ ಹಾಡು ಈ ಗಾಯಕರಿಗೆ ಸಿಕ್ಕಿದ್ದು ಹೇಗೆಂದು ಹೇಳಬೇಕು. ಹದಿನಾರು ವರ್ಷದ ಹಿಂದೆ ಅವರು ಕಾಲು ಮುರಿದುಕೊಂಡು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಮಲಗಿದ್ದರು. ಕಿಟಕಿಯ ಕೆಳಗೆ ಒಗೆಯುವ ಅಂಗಳ. ಒಂದು ದಿನ ಕೆಳಗಿನಿಂದ ಹಾಡು ಕೇಳಿಸಿತು.

*ಹಿಂಡೇ ಅಕ್ಕ ಹಿಂಡೇ, ಬಿಳಿಯ ಹಾಸಿಗೆ ಹಿಂಡೇ*
*ತೋಳಿನ ಬಲವೆಲ್ಲ ನೀರಾಗಿ ಹೋದೀತು, ಹಿಂಡೇ*

ಅವರು ಅದನ್ನು ದನಿ ಹಿಡಿಯುವ ಪೆಟ್ಟಿಗೆಯೊಂದರಲ್ಲಿ ಹಿಡಿದಿಟ್ಟುಕೊಂಡರು. ಅವಳನ್ನು ವಾರ್ಡಿಗೆ ಕರೆಸಿ ಇನ್ನೊಮ್ಮೆ ಹಾಡಿಸಿದರು. ಅವಳು ಅವರ ಮಂಚದ ಕೆಳಗಿನ ಮೈಲಿಗೆ ಬಟ್ಟೆಯ ಮೂಟೆಯನ್ನು ಎದೆಗೆ ಅವಚಿಕೊಂಡೇ ಹಾಡಿದಳು. ಅವರು ತಪ್ಪಿದ ಕಡೆ ತಿದ್ದಿದಳು ಕೂಡ. ಅವರು ಕೇಳಿದರು, "ಯಾರು ಕಟ್ಟಿದ್ದಮ್ಮ ಇದನ್ನ?"

ಅಂಗಳದಲ್ಲಿ ಒಂದು ಕಟ್ಟಳೆಯಿತ್ತು. ಹಾಡು ಯಾರದ್ದೆಂದು ಹೊರಗಿನವರು ಕೇಳಿದರೆ, ಹಳೇದು, ಅಜ್ಜಿ ಕಾಲದ್ದು ಎನ್ನಬೇಕು. ಅಂಗಳದ ಹಾಡುಗಳಲ್ಲಿ ಉಗ್ರಾಣದವನಿಗೆ ಬೈಗುಳವಿರುತ್ತಿತ್ತು, ದೊಡ್ಡ ನರ್ಸಮ್ಮನಿಗೆ ಬೈಗುಳವಿರುತ್ತಿತ್ತು. ಒಬ್ಬಳು ಹುಮ್ಮಸ್ಸಿನಲ್ಲಿ 'ನಾನೇ ಕಟ್ಟಿದ್ದು' ಎಂದಿದ್ದಳು. ಮರುದಿನ ಗೇಟಿನ ಹೊರಗಿದ್ದಳು. ಸತ್ತ ಅಜ್ಜಿಯನ್ನು ಯಾರೂ ಕೆಲಸದಿಂದ ತೆಗೆಯಲಾರರು. ಆದ್ದರಿಂದ ಅಂಗಳದ ಹಾಡುಗಳೆಲ್ಲ ಅಜ್ಜಿಯವೇ ಆಗಿದ್ದವು.

"ಹಳೇ ಹಾಡು ಸಾರ್," ಎಂದಿದ್ದಳು ಗಂಟಲಕ್ಕ. "ಯಾರು ಕಟ್ಟಿದ್ರೋ ಏನೋ."

ಅವಳೇ ಹೇಳಿದ್ದು. ಅವರು ಕದಿಯಲಿಲ್ಲ, ಇವಳು ಬಾಗಿಲು ತೆರೆದು, ದೀಪ ಹಿಡಿದು, ದಾರಿ ತೋರಿಸಿದ್ದಳು. ಆಮೇಲೆ ಹಾಡು ಎಲ್ಲ ಕಡೆ ಹೋಯಿತು. ಸಭೆಗಳಲ್ಲಿ ಜನ ಅತ್ತರು. ಹಾಡಿನ ಸಿ.ಡಿ.ಯ ಮೇಲೆ 'ರಚನೆ: ಅಜ್ಞಾತ' ಎಂದು ಅಚ್ಚಾಯಿತು. ಮೊದಮೊದಲು ಅವಳಿಗೆ ಹೆಮ್ಮೆಯೇ ಆಗಿತ್ತು. ಬರಬರುತ್ತ ಏನೋ ಚುಚ್ಚತೊಡಗಿತು. ಮೊಮ್ಮಗಳು ಅದನ್ನು ಶಾಲೆಯಲ್ಲಿ ಕಲಿತು ಬಂದು ಇವಳ ಎದುರಿಗೇ ಹಾಡಿದಳು. 'ಅದು ನಂದು' ಎಂದಾಗ ಪುಟ್ಟಿ ನಕ್ಕಳು. "ಪುಸ್ತಕದಲ್ಲಿ ಹಂಗಿಲ್ಲ ಅಜ್ಜಿ." ಕೊನೆಗೂ ತಾನು ಆ ಅಜ್ಜಿಯೇ ಆಗಿಬಿಟ್ಟಿದ್ದಳು. ಆದರೂ ನಂಬುವವರಿಲ್ಲ.

ಅದಕ್ಕೇ ಇವತ್ತು ಬಂದಿದ್ದಳು. ಹೇಳಬೇಕಾಗಿದ್ದುದು ಒಂದೇ ಮಾತು. ಇದು ನಾನು ಕಟ್ಟಿದ್ದು.

ಕೆಂಪು ದೀಪ ಹೊತ್ತಿತು.

ನಿರೂಪಕಿ ಗಾಯಕರನ್ನು ಹೊಗಳಿದಳು. ಗಾಯಕರು ವಿನಯ ತೋರಿಸಿದರು. ಮೂಲೆಯಲ್ಲಿ ನಿಂತವಳ ಬಗ್ಗೆ ಒಂದು ವಾಕ್ಯ ಬಂತು. "ಇಂದು ನಮ್ಮೊಂದಿಗೆ ಒಬ್ಬ ಶ್ರಮಿಕ ಮಹಿಳೆಯೂ ಇದ್ದಾರೆ, ನೀರಿನ ಸದ್ದು ಅವರದ್ದು." ಗಾಯಕರು ತಂತಿ ಮೀಟಿ ಹಾಡಿದರು. ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಎಳೆದೆಳೆದು. *ಹಿಂ... ಡೇ...* ನಿರೂಪಕಿ ಕೈ ತೋರಿಸಿದಳು.

ಗಂಟಲಕ್ಕನ ಕೈಗಳು ತೊಟ್ಟಿಗೆ ಇಳಿದವು. ಅವಳು ಇಳಿಸಲಿಲ್ಲ. ಹಿಂಡು ಎಂದರೆ ಹಿಂಡುವ ಕೈಗಳು, ಯಜಮಾನಿಗೆ ಮಾನ ಇದೆಯೋ ಇಲ್ಲವೋ ಎಂದು ಕೇಳುವ ಅಭ್ಯಾಸ ಅವಕ್ಕಿರಲಿಲ್ಲ. ತಿರುವಿದಳು. ಬಾಗಿಲ ಹಿಡಿ ಕಿರ್ ಎಂದಿತು. ನೀರು ಸುರಿಯಿತು. ಗಾಜಿನ ಆಚೆಯ ಹುಡುಗಿ ಹೆಬ್ಬೆರಳು ಎತ್ತಿ, ಚೆನ್ನಾಗಿದೆ ಎಂದಳು. ಗಂಟಲಕ್ಕನಿಗೆ ಖುಷಿಯೂ ಆಗಿಬಿಟ್ಟಿತು! ಆ ಖುಷಿಗೆ ನಾಚಿಕೆಯಾಯಿತು. ಒಂದು ಕೈಯಿಂದ ಇನ್ನೊಂದು ಕೈಗೆ ಹೊಡೆಯಬೇಕೆನಿಸಿತು. ಎರಡೂ ಕೆಲಸದಲ್ಲಿದ್ದವು.

"ಎರಡು ಸಾಲು ಹಾಡಿದ ಮೇಲೆ ತುಂಬಾ ಹೊತ್ತು ಸುಮ್ಮನಾಗ್ತೀರಲ್ಲ ಸರ್," ಎಂದಳು ನಿರೂಪಕಿ. "ಆ ಮೌನದ ಬಗ್ಗೆ ಹೇಳಿ."

"ಆ ಮೌನವೇ ಈ ಹಾಡಿನ ಪ್ರಾಣ," ಎಂದರು ಗಾಯಕರು. "ಅಲ್ಲಿ ಮಾತು ಸೋಲುತ್ತೆ. ನೋವು ಮಾತ್ರ ಉಳಿಯುತ್ತೆ. ಇದನ್ನ ಕಟ್ಟಿದ ಆ ಅಜ್ಞಾತ ತಾಯಿ ನೂರಾರು ವರ್ಷದ ಹಿಂದಿನವಳು. ಅಕ್ಷರ ಗೊತ್ತಿಲ್ಲದವಳು. ತಾನು ಎಂಥ ದೊಡ್ಡ ಮಾತು ಹೇಳ್ತಿದೀನಿ ಅಂತ ಅವಳಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹಾಡಿದ್ದರಿಂದಲೇ ಅದು ಅಷ್ಟು ಶುದ್ಧ."

ನಿರೂಪಕಿ ಮತ್ತೆ ಕೈ ತೋರಿಸಿದಳು. ಹಿಂಡಿ.

ಗಂಟಲಕ್ಕ ಬಟ್ಟೆಯನ್ನು ಬಿಟ್ಟಳು. ತಿರುವಿದ ಬಟ್ಟೆ ಬುಗುರಿಯಂತೆ ಬಿಚ್ಚಿಕೊಂಡು ಬಾಗಿಲಿಗೆ ರಪ್ಪನೆ ಬಡಿಯಿತು. ಗಾಯಕರ ಶಾಲಿನ ಮೇಲೆ ನೀರು ಚಿಮ್ಮಿತು.

ನಿರೂಪಕಿ ಮೂರನೇ ಸಲ ಕೈ ತೋರಿಸಿದಳು.

"ಹಿಂಡಲ್ಲ," ಎಂದಳು ಗಂಟಲಕ್ಕ.

ಅವಳ ಮುಂದೆ ಇದ್ದುದು ನೀರಿನ ಮೈಕು. ಅವಳ ಗಂಟಲಿಗೆ ಅದೂ ಬೇಕಿರಲಿಲ್ಲ. ಗಾಜಿನ ಆಚೆಯ ಹುಡುಗಿ ಕಿವಿಯಿಂದ ಯಂತ್ರ ಕಿತ್ತುಕೊಂಡಳು.

"ಅಮ್ಮಾ, ನಾವು ಪ್ರಸಾರದಲ್ಲಿದ್ದೀವಿ..."

"ಗೊತ್ತು. ಅದಕ್ಕೇ ಹೇಳ್ತಿದೀನಿ. ಹಿಂಡಲ್ಲ. ನಂಗೆ ಗೊತ್ತಿಲ್ಲದೆ ಹಾಡಿದ್ನಂತೆ. ನಂಗೆ ಎಲ್ಲಾ ಗೊತ್ತಿತ್ತು. ಯಾರ ಹೊಟ್ಟೆ ಅಂತಾನೂ ಗೊತ್ತಿತ್ತು. ಆ ಹಾಡು ಕಟ್ಟಿದ್ದು ನಾನು."

ಗಾಯಕರು ಮೆಲ್ಲಗೆ ನಕ್ಕರು. ಕೆಟ್ಟವರಲ್ಲ. ಅದೇ ತೊಂದರೆ, ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು. "ತಾಯೀ, ಆವತ್ತು ನೀವೇ ಹೇಳಿದ್ರಿ, ಹಳೇ ಹಾಡು ಅಂತ."

"ಸುಳ್ಳು ಹೇಳ್ದೆ."

"ಯಾಕೆ?"

"ಅನ್ನಕ್ಕೆ. ನಿಜ ಹೇಳಿದ್ರೆ ಕೆಲಸ ಹೋಗ್ತಿತ್ತು. ನಿಮಗೆ ಹಾಡಿದ್ರೆ ಅನ್ನ ಸಾರ್, ನಮಗೆ ಹಾಡು ಕಟ್ಟಿದ್ದು ನಾವಲ್ಲ ಅಂದ್ರೆ ಅನ್ನ."

ನಿರೂಪಕಿ ಗಾಜಿನ ಕಡೆ ತಿರುಗಿ ಕತ್ತಿನ ಹತ್ತಿರ ಕೈ ಎಳೆದು, ನಿಲ್ಲಿಸು ಎಂದು ಸನ್ನೆ ಮಾಡಿದಳು. ಆ ಹುಡುಗಿ ಗುಂಡಿಗಳ ಮೇಲೆ ಬೆರಳಾಡಿಸಿದಳು, ಏನನ್ನೂ ಒತ್ತಲಿಲ್ಲ. ಕೆಂಪು ದೀಪ ಆರಲಿಲ್ಲ.

"ಮತ್ತೆ ನೀವು ಹಾಡೋ ಹಂಗೆ ಅದು ಅಳೋ ಹಾಡಲ್ಲ," ಎಂದಳು ಗಂಟಲಕ್ಕ. ಈಗ ಅವಳಿಗೆ ಲಯ ಸಿಕ್ಕಿತ್ತು. "ನೀವು ಪೆಟ್ಟಿಗೇಲಿ ಹಿಡ್ಕೊಂಡಿದ್ದು ಕಂಬಳಿ ದಿನ ಸಾರ್. ವಾರಕ್ಕೊಂದು ದಿನ ಕಂಬಳಿ ಒಗೀತೀವಿ. ಒದ್ದೆ ಕಂಬಳಿ ಅಂದ್ರೆ ಕರು ಎತ್ತಿದಂಗೆ. ಆವತ್ತು ಹಾಡು ತೆವಳುತ್ತೆ, ಉಸಿರೇ ಇರಲ್ವಲ್ಲ. ಮಿಕ್ಕ ದಿನ ಬಂದು ಕೇಳಿದ್ರೆ ನಗ್ತಿದ್ರಿ. ಊರೋರೆಲ್ಲ ಹದಿನಾರು ವರ್ಷದಿಂದ ಕಂಬಳಿ ಭಾರಕ್ಕೆ ಅಳ್ತಾವ್ರೆ."

ಗಾಜಿನ ಆಚೆಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಮೌನ ಅಂದ್ರಲ್ಲ. ಅಲ್ಲಿ ಮೌನ ಇಲ್ಲ. ಅಲ್ಲಿ ಎರಡು ಸಾಲಿದೆ. ಮೇಲ್ವಿಚಾರಕ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಬಿಸ್ಕತ್ತು ತಿಂತಾ ಕೂತಿರ್ತಾನೆ. ಅದಕ್ಕೇ ಆ ಎರಡು ಸಾಲನ್ನ ಒದ್ದೆ ಬಟ್ಟೆಗೆ ಬಾಯಿ ಇಟ್ಟು ಸಣ್ಣಗೆ ಹೇಳೋದು. ಮೂರನೇ ಮಹಡೀಗೆ ಕೇಳಲ್ಲ. ವಾರ್ಡಿಗೆ ಕರೆಸಿದಾಗ್ಲೂ ಭಯಕ್ಕೆ ಅದನ್ನ ಬಿಟ್ಟೇ ಹಾಡ್ದೆ."

ಅವಳು ತೊಟ್ಟಿಯ ಅಂಚಿಗೆ ಕೈ ಬಡಿದಳು. ಕೈಬೀಸಿ ನಡೆಯುವ ಲಯ. ಎದೆ ತುಂಬ ಉಸಿರೆಳೆದು ಹಾಡಿದಳು. ಮೊದಲ ಎರಡು ಸಾಲು ಮಕ್ಕಳಾಟದಂತೆ ಓಡಿದವು. ಆಮೇಲೆ ಮೌನವಿದ್ದ ಜಾಗಕ್ಕೆ ಬಂದಳು.

*ಹೋದರೆ ಹೋಗಲಿ ಬಿಡೇ, ಗಟ್ಟಿ ಹಿಡಿಯೇ ತಂಗಿ*
*ಕೂತು ತಿಂಬೋನ ಹೊಟ್ಟೆ ಹಿಂಡೋಕೆ ಇರಲಿ ಎರಡು ಕೈ!*

"ಇದು ಹಾಡು," ಎಂದಳು. ಉಸಿರು ಏರಿತ್ತು. "ಪೂರಾ ನಂದು. ಮೊದಲಿಂದ ಕೊನೇತನಕ ಒಂದೊಂದು ಅಕ್ಷರಾನೂ ನಾನೇ ಕಟ್ಟಿದ್ದು."

ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹೀಗೆ ನಿಂತಿದ್ದು ಕೇಳುವವರಿಗೆ ಕಾಣುವುದಿಲ್ಲವಲ್ಲ ಎಂದು ಆ ಗಳಿಗೆಯಲ್ಲೂ ಒಂದು ಸಣ್ಣ ಬೇಸರವಾಯಿತು.

ಮೇಜಿನ ಮೇಲೆ ಫೋನಿನ ದೀಪಗಳು ಒಟ್ಟಿಗೇ ಮಿನುಗತೊಡಗಿದವು. ನಿರೂಪಕಿಗೆ ಅಷ್ಟು ಕರೆಗಳನ್ನು ಕಂಡು ಅಭ್ಯಾಸವಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಒಂದನ್ನು ಒತ್ತಿದಳು.

"ಹಲೋ, ನಮಸ್ಕಾರ, ಯಾರು ಮಾತಾಡ್ತಿರೋದು?"

"ಏಯ್ ಗಂಟಲು!" ಎಂದಿತು ಫೋನು.

ಗಂಟಲಕ್ಕನ ಕೈ ಸೊಂಟದಿಂದ ಜಾರಿತು. ಆ ದನಿ ಅವಳಿಗೆ ಯಾವ ತೂತಿನ ಗೋಡೆಯ ನಡುವೆಯೂ ಗೊತ್ತಾಗುತ್ತಿತ್ತು.

"ಏಣಿ..."

"ಏಣಿನೂ ಇಲ್ಲ, ಗೋಣಿನೂ ಇಲ್ಲ. 'ಹೋದರೆ ಹೋಗಲಿ ಬಿಡೇ' ಕಟ್ಟಿದ್ದು ಯಾರೇ?"

ಗಾಯಕರು ಫೋನಿನ ಪೆಟ್ಟಿಗೆಯನ್ನೇ ನೋಡುತ್ತಿದ್ದರು.

"ಹೇಳೇ! ಮೂವತ್ತೊಂದು ವರ್ಷ ನಿನ್ನೆದುರಿಗೆ ನಿಂತು ಒದ್ದೆ ಬಟ್ಟೆ ಬಾಯಲ್ಲಿಟ್ಕೊಂಡು ಹಾಡಿದ್ದು ಯಾರು? ಆ ಗಡ್ಡದೋರು ನನ್ನನ್ನ ಮೌನ ಅಂದ್ರು, ಹೋಗ್ಲಿ ಪಾಪ, ಅವರಿಗೆ ಕೇಳಿಸಿರ್ಲಿಲ್ಲ. ನಿಂಗೆ ಕೇಳಿಸಿತ್ತಲ್ಲೇ ನಿನ್ನ ಗಂಟಲು ಸೇದಿಹೋಗ! ಒಂದೊಂದು ಅಕ್ಷರಾನೂ ನಿಂದಂತೆ. ಮೈಕು ಸಿಕ್ಕಿ ಹತ್ತು ನಿಮಿಷ ಆಗಿಲ್ಲ, ನೀನೂ ಗಡ್ಡ ಬಿಟ್ಟಾ?"

ಗಂಟಲಕ್ಕ ಬಾಗಿಲ ಕಡೆ ತಿರುಗಿದಳು. ಸುಳ್ಳು ಹೇಳಬೇಕೆಂದು ಅವಳು ಹೇಳಿರಲಿಲ್ಲ. ಬಾಯಿಗೆ ಬಂದಿತ್ತು. ಹೇಳುವಾಗ ಅದು ನಿಜವೆಂದೇ ಅನಿಸಿತ್ತು. ಬಾಗಿಲ ಹಿಡಿಯಿಂದ ಬಟ್ಟೆ ಇನ್ನೂ ನೇತಾಡುತ್ತ ನೀರು ತೊಟ್ಟಿಕ್ಕುತ್ತಿತ್ತು. ಅವರು ಏಣಿಯ ಜಾಗದಲ್ಲಿ ಬಾಗಿಲ ಹಿಡಿ ಇಟ್ಟಿದ್ದರು. ಇವಳು ಅದನ್ನೂ ಇಡಲಿಲ್ಲ.

"ತಪ್ಪಾಯ್ತು ಕಣೇ," ಎಂದಳು. ಮೊದಲ ಸಲ ಅವಳ ದನಿ ಸಣ್ಣದಾಯಿತು. ನೀರಿನ ಮೈಕಿಗೂ ಬಗ್ಗಬೇಕಾಯಿತು. "ಕೇಳ್ರಪ್ಪ ಎಲ್ಲಾರೂ. ಮೊದಲ ಎರಡು ಸಾಲು ನಂದು. ಆಮೇಲಿನ ಎರಡು ಇವಳದು. ಚೆನ್ನಾಗಿರೋದು ಇವಳದೇ. ಅದಕ್ಕೇ ನುಂಗೋಕೆ ಹೋದೆ."

"ಹಾಂ," ಎಂದಳು ಏಣಿ. ಸ್ವಲ್ಪ ತಣ್ಣಗಾಗಿದ್ದಳು.

"ನೀನು ಎಲ್ಲಿಂದ ಮಾತಾಡ್ತಿದೀಯೇ?"

"ಅವನ ಮೇಜಿನ ಫೋನಿಂದ. ಇಲ್ಲೇ ನಿಂತಿದಾನೆ ಸಾಹೇಬ. ಬಿಸ್ಕತ್ತು ಕೈಯಲ್ಲೇ ಇದೆ, ಬಾಯಿಗೆ ಹೋಗ್ತಾ ಇಲ್ಲ."

ಹಿಂದೆ ಹತ್ತಿಪ್ಪತ್ತು ಹೆಂಗಸರು ನಕ್ಕ ಸದ್ದು ಕೇಳಿಸಿತು.

"ಅಯ್ಯೋ ಹುಚ್ಚಿ, ಅವನ ಎದುರಿಗೇ ಹೇಳಿಬಿಟ್ಯಾ? ಕೆಲಸ ಹೋಗುತ್ತಲ್ಲೇ!"

"ಹೋದರೆ ನನ್ನ ಸಾಲಿಗೆ ನನ್ನ ಕೆಲಸ ಹೋಗ್ಲಿ. ನಿನ್ನ ಹೆಸರಲ್ಲಿ ಯಾಕೆ ಹೋಗ್ಬೇಕು?"

ಗಂಟಲಕ್ಕ ಮತ್ತೆ ತೊಟ್ಟಿಗೆ ಬಗ್ಗಿದಳು. ತೊಟ್ಟಿಯ ಅಂಚಿಗೆ ಕೈ ಬಡಿದಳು. ತನ್ನ ಎರಡು ಸಾಲು ಹಾಡಿ ನಿಲ್ಲಿಸಿದಳು. ಫೋನಿನಿಂದ ಒಡಕು ದನಿಯಲ್ಲಿ ಮುಂದಿನ ಎರಡು ಸಾಲು ಬಂದವು. ಈ ಸಲ ಬಾಯಲ್ಲಿ ಬಟ್ಟೆ ಇರಲಿಲ್ಲ. ಏಣಿಗೆ ಶ್ರುತಿ ಇರಲಿಲ್ಲ, ಎಂದೂ ಇರಲಿಲ್ಲ. ಗಾಯಕರ ಬೆರಳು ತಂತಿಯ ಕಡೆ ಸರಿದು, ಏನೋ ಯೋಚಿಸಿ, ಹಿಂದೆ ಬಂತು. ಅವರು ಎದ್ದು ತಮ್ಮ ಕುರ್ಚಿಯನ್ನು ಗಂಟಲಕ್ಕನ ಕಡೆ ತಳ್ಳಿದರು. ಅವಳು ಕೂತಳು. ಮೇಜಿನ ಮೈಕು ಈಗ ಅವಳ ಮೂಗಿಗೆ ನೇರವಾಗಿತ್ತು.

ಹೊತ್ತಾಗಿತ್ತು. ನಿರೂಪಕಿ ಗಡಿಬಿಡಿಯಲ್ಲಿ ಕೈಯಲ್ಲಿದ್ದ ಹಾಳೆಯನ್ನು ಓದತೊಡಗಿದಳು. "ಇಲ್ಲಿಗೆ ಇಂದಿನ ಕಾರ್ಯಕ್ರಮ ಮುಗಿಯಿತು. ನೀವು ಕೇಳಿದ ಹಾಡಿನ ರಚನೆ, ಅಜ್ಞಾ..."

ಗಂಟಲಕ್ಕ ಒದ್ದೆ ಕೈಯನ್ನು ಹಾಳೆಯ ಮೇಲೆ ಇಟ್ಟಳು. ಮಸಿ ಕದಡಿತು.

"ಹೊಡೆದುಹಾಕಿ ಬರೀಮ್ಮ. ಬರೆಯೋತನಕ ನಾನು ಏಳಲ್ಲ."

"ಅಮ್ಮಾ, ಟೈಮ್ ಆಗಿದೆ..."

"ಮೂವತ್ತೊಂದು ವರ್ಷ ಆಗಿದೆ. ಇನ್ನರ್ಧ ನಿಮಿಷ ತಾನೆ?"

ನಿರೂಪಕಿ ಗಾಜಿನ ಕಡೆ ನೋಡಿದಳು. ಎಂಜಿನಿಯರ್ ಹುಡುಗಿ ತಲೆಯಾಡಿಸಿದಳು. ಪೆನ್ನು ಬಂತು. ಗಂಟಲಕ್ಕ ಹೇಳಿದಳು, ನಿರೂಪಕಿ ಬರೆದಳು, ಬರೆದದ್ದನ್ನು ಓದಿದಳು. ಎರಡು ಹೆಸರು. ಮೊದಲು ಏಣಿಯದು.

"ನಿಮ್ಮದು ಹಿಂದೆ ಹಾಕಿಸಿದ್ರಲ್ಲ ತಾಯೀ," ಎಂದರು ಗಾಯಕರು, ದೀಪ ಆರಿದ ಮೇಲೆ. ಅವರ ಕಣ್ಣು ಒದ್ದೆಯಾಗಿತ್ತು. "ದೊಡ್ಡ ಮನಸ್ಸು ನಿಮ್ಮದು."

"ಸುಮ್ನಿರಿ ಸಾರ್," ಎಂದಳು ಗಂಟಲಕ್ಕ, ಕೈ ಒರೆಸಿಕೊಳ್ಳುತ್ತ. "ಕೆಲಸ ಉಳಿದ್ರೆ ನಾಳೆ ಕಂಬಳಿ ದಿನ. ಆ ತುದೀಲಿ ಅವಳಿರ್ತಾಳೆ. ಸಿಟ್ಟು ಬಂದು ನಡುವೆ ಕೈ ಬಿಟ್ಟಳು ಅಂದ್ರೆ ನಾನು ಹಿಮ್ಮುಖ ಚರಂಡೀಗೆ ಬೀಳ್ತೀನಿ. ಅದರ ಮೇಲೆ ಅವಳು ಇನ್ನೊಂದು ಹಾಡು ಕಟ್ತಾಳೆ. ಕಟ್ಟಿದೋರು ಯಾರು ಅಂತ ಇನ್ಮೇಲೆ ಎಲ್ಲರಿಗೂ ಹೇಳ್ಕೊಂಡೂ ತಿರುಗ್ತಾಳೆ."